ಎಣಿಕೆಗೆ ಬಾರದ ಹನ್ನೊಂದು ದಿನ

ಜಿಲ್ಲೆಯ ಶಾಲೆಗಳ ಮೇಲಧಿಕಾರಿಗಳೇ,

ನನ್ನ ಮಗಳು ತಬಿತಾ ನಿಜ ಬರೆದಳು. ಅದಕ್ಕಾಗಿ ಅವಳನ್ನು ಸೆಪ್ಟೆಂಬರಿನಿಂದ ನಿಮ್ಮ ಶಾಲೆಗೆ ಸೇರಿಸಬೇಕೆಂದು ಆದೇಶ ಕಳಿಸಿದ್ದೀರಿ. ಆದೇಶದಲ್ಲಿ ಹೀಗೆ ಬರೆದಿಲ್ಲ, ಒಪ್ಪುತ್ತೇನೆ. ಅಲ್ಲಿರುವುದು 'ಬೋಧನಾ ದಿನಗಳ ಕೊರತೆ: ಎಂಟು' ಎಂಬ ಒಂದೇ ಸಾಲು. ಆ ಎಂಟು ಎಲ್ಲಿಂದ ಬಂತೆಂದು ಈ ಕಲ್ಲಿದ್ದಲ ಕಣಿವೆಯ ಜನರಿಗೂ ತಿಳಿಯಲಿ ಎಂದೇ ಇದನ್ನು ಲಕೋಟೆಯೊಳಗೆ ಹಾಕದೆ ಪತ್ರಿಕೆಗೆ ಕೊಡುತ್ತಿದ್ದೇನೆ.

ಮನೆಯಲ್ಲೇ ಓದಿಸುವವರು ವರ್ಷಕ್ಕೆ ನೂರೆಂಬತ್ತು ದಿನ ಪಾಠ ಮಾಡಿರಬೇಕು, ಆಯಾ ದಿನದ್ದು ಆಯಾ ದಿನವೇ ದಿನಚರಿಯಲ್ಲಿ ದಾಖಲಾಗಬೇಕು. ಇದು ನಿಮ್ಮ ನಿಯಮ. ನಮ್ಮ ಮನೆಯ ನಿಯಮ ಇನ್ನೂ ಕಟ್ಟುನಿಟ್ಟು. ದಿನಚರಿಯನ್ನು ತಾಯಿ ಬರೆಯುವುದಿಲ್ಲ, ಮಗಳೇ ಬರೆಯಬೇಕು. ಶಾಯಿಯಲ್ಲಿ ಬರೆಯಬೇಕು. ಊಟಕ್ಕೆ ಕೂತಾಗ, ಪ್ರಾರ್ಥನೆಗೆ ಮೊದಲು, ಎಲ್ಲರೆದುರು ಓದಬೇಕು. ದೇವರ ಮುಂದೆ ತಲೆಬಾಗಿಸುವ ಮೊದಲು ದಿನದ ಲೆಕ್ಕ ಒಪ್ಪಿಸಿಬಿಡುವುದು ವಾಡಿಕೆ. ಸೋಮಾರಿತನ ಮಾಡಿದ ದಿನ 'ಸೋಮಾರಿತನ ಮಾಡಿದೆ' ಎಂದೇ ಅವಳು ಓದಿದ್ದಾಳೆ. ಹದಿಮೂರು ವರ್ಷದ ಹುಡುಗಿಗೆ ನಂಬಿಕೆಯನ್ನು ಕಲಿಸುವುದು ಹೇಗೆಂದು ನೀವು ನಮೂನೆಯಲ್ಲಿ ಕೇಳಿದ್ದಿರಿ. ಹೀಗೆ, ಸ್ವಾಮಿ.

ಫೆಬ್ರವರಿಯಲ್ಲಿ ನನ್ನ ಅಪ್ಪ ಎಮ್ರಿಸ್ ಪ್ರಾಬರ್ಟ್‌ನನ್ನು ಆಸ್ಪತ್ರೆಯಿಂದ ಮನೆಗೆ ತಂದೆವು. ಇನ್ನು ಮಾಡುವುದೇನೂ ಇಲ್ಲವೆಂದು ವೈದ್ಯರು ಕೈಚೆಲ್ಲಿದ್ದರು. ಮೂವತ್ತು ವರ್ಷ ನೆಲದಡಿಯ ದೂಳು ಕುಡಿದ ಶ್ವಾಸಕೋಶ ಅದು. ತನ್ನ ತಮ್ಮನ ಮೇಲೆ ಗಣಿ ಕುಸಿದ ವರ್ಷದಿಂದ ಅಪ್ಪ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಮುಷ್ಕರದ ಮೆರವಣಿಗೆಗಳಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಘೋಷಣೆ ಕೂಗಲು ಕಲಿಸಿದವನೂ ಅವನೇ. ಆಮ್ಲಜನಕದ ಯಂತ್ರದ ಪಕ್ಕ ಕೂತು ತಬಿತಾ ಬೈಬಲಿನ ಕೀರ್ತನೆಗಳನ್ನು ಓದತೊಡಗಿದಾಗ ಬೈಯುತ್ತಾನೆಂದುಕೊಂಡೆ.

"ಜೋರಾಗಿ ಓದೇ ಹುಡುಗಿ. ದೇವ್ರಿಗೂ ನನ್ ಥರಾನೇ ಕಿವಿ ಮಂದ ಆಗಿರ್ಬೇಕು" ಎಂದ.

ಐದನೆಯ ದಿನ ಅವನೇ ಕೇಳಿದ: "ಹೊಗಳಿದ್ದು ಸಾಕು. ಅವನ ಹತ್ರ ಜಗಳ ಆಡಿರೋದು ಯಾವ್ದಾದ್ರೂ ಇದ್ರೆ ಓದು."

"ಬೇಕಾದಷ್ಟಿದೆ ತಾತ."

"ಮತ್ತೆ ಇಷ್ಟು ದಿನ ಯಾಕ್ ಮುಚ್ಚಿಟ್ಟಿದ್ದೆ?"

ಎಷ್ಟು ಕಾಲ ಮುಖ ಮರೆಸಿಕೊಂಡಿರುತ್ತೀ ಎಂದು ಮೇಲಿನವನನ್ನು ಕೇಳುವ ಕೀರ್ತನೆಗಳು ಅವು. ಅವೂ ಒಂಥರಾ ಬಹಿರಂಗ ಪತ್ರಗಳೇ. ಉಳಿದ ದಿನ ಅಪ್ಪ ಕೇಳಿದ್ದು ಅವನ್ನೇ. ಹನ್ನೊಂದನೆಯ ದಿನ ಮಧ್ಯಾಹ್ನ ಹೋದ. ಅಷ್ಟೂ ದಿನ ತಬಿತಾಳ ದಿನಚರಿಯಲ್ಲಿ ಇದ್ದದ್ದು ಒಂದೇ ಮಾತು: 'ಇಂದು ಪಾಠ ಇಲ್ಲ. ತಾತನ ಹತ್ತಿರ ಕೂತು ಓದಿದೆ.'

ಜೂನ್ ಮುಗಿದಾಗ, ಆ ಹನ್ನೊಂದು ದಿನವೂ ಸೇರಿ, ನಮ್ಮ ಲೆಕ್ಕ ನೂರ ಎಂಬತ್ತಮೂರು. ಜುಲೈನಲ್ಲಿ ನೀವು ದಿನಚರಿ ತರಿಸಿಕೊಂಡು, 'ಪಾಠ ಇಲ್ಲ' ಎಂಬ ಹನ್ನೊಂದು ಸಾಲಿಗೆ ಕೆಂಪು ಗೆರೆ ಎಳೆದು ಹಿಂದಿರುಗಿಸಿದಿರಿ. ನೂರ ಎಪ್ಪತ್ತೆರಡು. ಎಂಟು ಕಡಿಮೆ!

ಅಲ್ಲ, ಕೇಳುತ್ತೇನೆ. ಬಾಯ್ಲರ್ ಕೆಟ್ಟು ನಿಮ್ಮ ಶಾಲೆಯ ಮಕ್ಕಳು ಕೋಟು ಹಾಕಿಕೊಂಡೇ ಎರಡು ದಿನ ಸಿನಿಮಾ ನೋಡಿದರಲ್ಲ, ಆ ಎರಡು ದಿನ ಯಾವ ಲೆಕ್ಕದಲ್ಲಿವೆ? ಹಿಮ ಬಿದ್ದು ಬಸ್ಸುಗಳು ಅರ್ಧ ದಾರಿಯಿಂದ ಮರಳಿದ ಬೆಳಿಗ್ಗೆ? ಜಿಂಕೆ ಬೇಟೆ ಶುರುವಾಗುವ ಸೋಮವಾರ, ಬೇಟೆಯ ರಜೆಯೆಂದು, ನಿಮ್ಮ ಶಾಲೆಗಳಿಗೆಲ್ಲ ಬೀಗ ಬಿದ್ದಿತ್ತು. ಆ ದಿನ ನನ್ನ ಅಡುಗೆಮನೆಯಲ್ಲಿ ಬೀಜಗಣಿತ ನಡೆದಿತ್ತು. ಸಾಯುವವನ ಕೈ ಹಿಡಿದು ಹೆದರದೆ ಕೂರುವುದನ್ನು ಕಲಿಸುವ ಪಾಠ ನಿಮ್ಮ ಯಾವ ತರಗತಿಯಲ್ಲಿದೆ, ಹೇಳಿ, ಅಲ್ಲಿಗೇ ಸೇರಿಸುತ್ತೇನೆ.

ಮನೆಯಲ್ಲಿ ಓದಿಸುತ್ತೇವೆಂದು ಹೇಳಿ ಮಕ್ಕಳನ್ನು ಕೂಡಿಹಾಕಿ, ದೇವರ ಹೆಸರಲ್ಲಿ ಬೆಲ್ಟು ಬಿಚ್ಚುವವರೂ ಇದ್ದಾರೆ. ನಮ್ಮವರೇ ಇದ್ದಾರೆ. ಅಂಥವರ ಬಾಗಿಲು ಬಡಿಯಿರಿ, ಜೊತೆಗೆ ನಾನೂ ಬರುತ್ತೇನೆ. ಪರಿಶೀಲನೆ ಬೇಡವೆಂದು ನಾನು ಎಂದೂ ಹೇಳಿಲ್ಲ. ದಿನಚರಿ ಕೇಳಿದಿರಿ, ಒಂದು ಹಾಳೆ ಕೀಳದೆ ಕೊಟ್ಟೆ. ಕೊಟ್ಟ ಮೇಲೆ ನಡೆದದ್ದಕ್ಕೆ ಬರುತ್ತೇನೆ.

ಆದೇಶ ಹಿಡಿದು ನಿಮ್ಮ ಕಚೇರಿಗೆ ಹೋದೆ. ನೀವು ಸಭೆಯಲ್ಲಿದ್ದಿರಿ. ಬಾಗಿಲ ಬಳಿಯ ಮೇಜಿನ ಹೆಂಗಸು ಒಳ್ಳೆಯವಳೇ, ದನಿ ತಗ್ಗಿಸಿ ಹೇಳಿದಳು: "ಮೇಡಂ, ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಾ? ಆ ಹನ್ನೊಂದು ದಿನಕ್ಕೆ 'ಆರೋಗ್ಯ ಶಿಕ್ಷಣ' ಅಂತ ಬರ್ಸ್ಕೊಂಡು ಬನ್ನಿ. ಹಳೇ ಹಾಳೆ ಕಿತ್ತುಹಾಕಿ. ನಮ್ ಸರ್ರೇ ಹಾಗ್ ಹೇಳಿ ಕಳ್ಸು ಅಂದಿದ್ದಾರೆ."

ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮಂಥ ತಾಯಂದಿರು ಸೇರುತ್ತೇವೆ. ಅಲ್ಲಿ ಇದನ್ನು ಹೇಳಿದೆ. ಆರು ಮಕ್ಕಳ ತಾಯಿ ಮಾರ್ಲಾ ನಕ್ಕಳು. "ಅಯ್ಯೋ ಲೋಯಿಸ್, ನಿಂಗ್ ಯಾವಾಗ ಬುದ್ಧಿ ಬರುತ್ತೆ ಮಾರಾಯ್ತಿ? ನಮ್ಮನೇಲಿ ಸೌತೆಕಾಯಿ ಉಪ್ಪಿಗೆ ಹಾಕಿದ್ರೆ ರಸಾಯನಶಾಸ್ತ್ರ. ಹಂದಿ ಕೊಯ್ದ್ರೆ ಜೀವಶಾಸ್ತ್ರ. ಗಂಡ ದಾರಿ ತಪ್ಪಿಸ್ಕೊಂಡ್ರೆ ಭೂಗೋಳ. ಬರಿ, ಮುಗ್ಸು!"

ಬರೆದೆ. ಹೌದು, ಬರೆದೆ. ಈ ಪತ್ರದ ಕಷ್ಟದ ಜಾಗ ಇದೇ. ಮಗಳು ಕೈತಪ್ಪಿ ಹೋಗುತ್ತಾಳೆಂಬ ಹೆದರಿಕೆಗೆ ಹನ್ನೊಂದು ಸಾಲು ಬೇರೆ ಕಾಗದದ ಮೇಲೆ ಬರೆದು ತಬಿತಾಳ ಮುಂದಿಟ್ಟೆ. ಅಕ್ಷರ ಅವಳದ್ದೇ ಆಗಬೇಕಿತ್ತು.

"ತಾತನ್ನ ಆರೋಗ್ಯ ಶಿಕ್ಷಣ ಅಂತ ಬರೀಲಾ ಅಮ್ಮಾ?"

"ಬರಿ."

"ಸುಳ್ಳಲ್ವಾ?"

"ಪೂರ್ತಿ ಸುಳ್ಳಲ್ಲ."

"ಮತ್ತೆ ಎಷ್ಟು?"

ಕಾಗದವನ್ನು ಅವಳತ್ತ ಇನ್ನಷ್ಟು ಸರಿಸಿದೆ. ಅವಳು ಹೊಸ ಹಾಳೆಯಲ್ಲಿ ಮೂರು ಸಾಲು ನಕಲು ಮಾಡಿ, ಪೆನ್ನಿನ ಮುಚ್ಚಳ ಹಾಕಿದಳು. "ಇವತ್ತು ಊಟಕ್ಕೆ ಕೂತಾಗ ಇದನ್ನೂ ಓದ್ಬೇಕಾ?" ಎಂದು ಕೇಳಿದಳು. ವ್ಯಂಗ್ಯವಾಗಿ ಕೇಳಲಿಲ್ಲ, ನಿಜವಾಗಿ ತಿಳಿಯಬೇಕಿತ್ತು ಅವಳಿಗೆ. ನನ್ನ ಕಾಗದವನ್ನೂ ಅವಳ ಹಾಳೆಯನ್ನೂ ಒಲೆಗೆ ಹಾಕಿದೆ. ಎಂಟು ವರ್ಷ ಈ ಮೇಜಿನ ಮೇಲೆ ಅವಳಿಗೆ ಕಲಿಸಿದ್ದನ್ನು ಒಂದೇ ಮಧ್ಯಾಹ್ನದಲ್ಲಿ ಅಳಿಸಲು ಹೊರಟವಳು ನಾನು. ಅಳಿಸುವ ರಬ್ಬರು ಕೊಟ್ಟವರು ನೀವು. ಅಂದಿನಿಂದ ಅವಳು ನನ್ನನ್ನು ನೋಡುವ ಬಗೆ ಸ್ವಲ್ಪ ಬೇರೆಯಾಗಿದೆ. ಅದಕ್ಕೆ ಯಾವ ಕಚೇರಿಗೆ ಅರ್ಜಿ ಹಾಕಲಿ?

ಈಗ ನನ್ನ ಬೇಡಿಕೆ. ನೀವು ಕರೆದಿರುವ ಆಗಸ್ಟ್ ಇಪ್ಪತ್ತರ ವಿಚಾರಣೆಗೆ ಬರುತ್ತೇವೆ. ಮೂಲ ದಿನಚರಿಯನ್ನೇ ತರುತ್ತೇವೆ. ಆ ಹನ್ನೊಂದು ಸಾಲನ್ನು ತಬಿತಾ ನಿಮ್ಮೆದುರು ನಿಂತು ಗಟ್ಟಿಯಾಗಿ ಓದುತ್ತಾಳೆ. ಕಿವಿ ಮಂದವಿದ್ದವರಿಗೆ ಓದಿ ಅವಳಿಗೆ ಅಭ್ಯಾಸವಿದೆ. ಕೇಳಿದ ಮೇಲೆ, ಬರೆದದ್ದನ್ನು ಬರೆದಂತೆಯೇ ಎಣಿಕೆಗೆ ಸೇರಿಸಿ. ಆಗದಿದ್ದರೆ ಎಂಟು ಕಡಿಮೆ ಎಂದೇ ತೀರ್ಪು ಕೊಡಿ, ಆದರೆ ಕಾರಣದ ಜಾಗದಲ್ಲಿ ನಿಮ್ಮ ಕೈಯಾರೆ, ಶಾಯಿಯಲ್ಲಿ, ಇಷ್ಟು ಬರೆದು ಸಹಿ ಹಾಕಿ: 'ಸುಳ್ಳು ಬರೆಯಲು ಅವಕಾಶ ಕೊಟ್ಟೆವು, ಹುಡುಗಿ ಒಪ್ಪಲಿಲ್ಲ.' ಆ ಕಾಗದ ಹಿಡಿದು ಅವಳನ್ನು ನಾನೇ ನಿಮ್ಮ ಶಾಲೆಯ ಬಾಗಿಲಿಗೆ ಬಿಟ್ಟು ಬರುತ್ತೇನೆ.

ನಿನ್ನೆ ಊಟಕ್ಕೆ ಮೊದಲು ಅವಳು ಓದಿದ್ದು ಇದು: 'ಬೀಜಗಣಿತ ಎರಡು ಗಂಟೆ. ಅಮ್ಮ ನನ್ನ ಕ್ಷಮೆ ಕೇಳಿದಳು. ಕ್ಷಮಿಸಿದೆ ಎಂದೆ. ಇನ್ನೂ ಪೂರ್ತಿ ಆಗಿಲ್ಲ.'

ಇಂತಿ,
ತಾನು ಕಲಿಸಿದ ಪಾಠದಲ್ಲಿ ತಾನೇ ನಪಾಸಾದ ಶಿಕ್ಷಕಿ,
ಲೋಯಿಸ್ ಪ್ರಾಬರ್ಟ್