ಇಪ್ಪತ್ತನೆಯ ಒಲೆ

ಮೇಲಿನ ಕಲಾತೆ
ಆಬಾನ್ ತಿಂಗಳ ಹದಿನೆಂಟು, ೧೩೯೫ (೨೦೧೬ರ ನವೆಂಬರ್)

ಪ್ರೀತಿಯ ಅಫ್ರೂಜ್ ಅಕ್ಕನಿಗೆ ಗೋಹರಳ ಸಲಾಮು.

ನಿನ್ನ ಪತ್ರ ಬಂದು ಬಹಳ ದಿನವಾಯಿತು, ಬೈಯಬೇಡ. ಕೇಸರಿ ಹೂ ಬಿಡುವ ಕಾಲ. ಬೆಳಕು ಹರಿಯುವ ಮುಂಚೆ ಹೂ ಕೊಯ್ದು, ಹಗಲೆಲ್ಲ ಕೂತು ಎಳೆ ಬಿಡಿಸಬೇಕು. ಬೆರಳಿನ ಹಳದಿ ಕಾಗದಕ್ಕೂ ಹತ್ತಿದೆ, ನೋಡು. ನಿನ್ನ ಮಂಡಿನೋವು ಹೇಗಿದೆ?

ಒಳ್ಳೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ: ನಮ್ಮ ಊರು ಉಳಿಯಿತು.

ನಮ್ಮ ಹೋಬಳಿಯಲ್ಲಿ ಇಪ್ಪತ್ತು ಕುಟುಂಬವೂ ಇಲ್ಲದ ಹಳ್ಳಿಯನ್ನು ಈ ಜನಗಣತಿ ಆದಮೇಲೆ ಪಕ್ಕದ ಊರಿಗೆ ಸೇರಿಸುತ್ತಾರೆ ಎಂದು ಬೇಸಿಗೆಯಲ್ಲೇ ಮಾತು ಬಂದಿತ್ತು. ನಮ್ಮನ್ನು ಕೆಳಗಿನ ಕಲಾತೆಗೆ! ಹೆಸರು ಹೋದರೆ ಹೋಗಲಿ, ಆರೋಗ್ಯದ ಮನೆಯೂ ಅಲ್ಲಿಗೇ ಹೋಗುತ್ತಿತ್ತು. ಕಳೆದ ಚಳಿಗಾಲ ಹಿಮ ಬಿದ್ದು ದಾರಿ ಮುಚ್ಚಿದ ದಿನ ನಮ್ಮ ಮನೆಯವರು ಎದೆ ಹಿಡಿದುಕೊಂಡು ಕುಸಿದಾಗ ಓಡಿ ಬಂದವಳು ಆ ಆರೋಗ್ಯದ ಮನೆಯಲ್ಲಿ ಮದ್ದು ಕೊಡುವ ಸಕೀನೆಯೇ. ಅವರು ಉಳಿಯಲಿಲ್ಲ, ನಿಜ. ಆದರೆ ಏನು ಮಾಡಬೇಕೆಂದು ತಿಳಿದ ಒಂದು ಜೀವ ಪಕ್ಕದಲ್ಲಿತ್ತು.

ನಮ್ಮಲ್ಲಿ ಒಲೆ ಉರಿಯುವುದು ಹದಿನೆಂಟೇ ಮನೆಯಲ್ಲಿ. ಗಣತಿಗೆ ಬಂದ ಹುಡುಗಿ ಟ್ಯಾಬ್ಲೆಟ್ ಹಿಡಿದು, “ನಾನು ಗೋಡೆ ಎಣಿಸಲ್ಲ, ಒಲೆ ಎಣಿಸ್ತೀನಿ. ಒಲೆ ಬೇರೆ ಆದ್ರೆ ಕುಟುಂಬ ಬೇರೆ,” ಎಂದಳು. ಎಲ್ಲರೂ ಬೀಬಿ ಸುಲ್ತಾನಳ ಮನೆಯತ್ತ ತಿರುಗಿದರು. ಅವಳೂ ಸೊಸೆ ತೂಬಾಳೂ ಸಾರಿನ ಉಪ್ಪಿಗೆ ಜಗಳವಾಡಿ ನೌರೋಜ್ ಹಬ್ಬದಿಂದ ಬೇರೆಬೇರೆ ಬೇಯಿಸಿಕೊಳ್ಳುತ್ತಿದ್ದಾರೆ. ಆರು ತಿಂಗಳು ರಾಜಿ ಮಾಡಿಸಲು ಓಡಾಡಿದ ನನ್ನ ಭಾವ ಯದುಲ್ಲಾ ಈಗ, “ದಮ್ಮಯ್ಯ ಬೀಬಿ, ಇವತ್ತೊಂದಿನ ರಾಜಿ ಆಗ್ಬೇಡ,” ಎಂದರು.

“ರಾಜಿನಾ? ಉಪ್ಪು ಯಾವ್ದು ಸಕ್ಕರೆ ಯಾವ್ದು ಗೊತ್ತಿಲ್ದೋಳ ಜೊತೆ? ಪ್ರಳಯ ಆದ್ರೂ ಇಲ್ಲ!”

ಒಳಗಿನಿಂದ ತೂಬಾ, “ಅತ್ತೆಗೆ ಹಲ್ಲು ಹೋದ್ರೂ ಬಾಯಿ ಹೋಗಿಲ್ಲ, ಅದನ್ನೂ ಬರ್ಕೊಳ್ಳಿ!” ಎಂದಳು.

ಹತ್ತೊಂಬತ್ತಾಯಿತು.

ಹುಡುಗಿ ನನ್ನನ್ನು ನೋಡಿ, “ನೀವೆಲ್ಲಿ ಊಟ ಮಾಡ್ತೀರಮ್ಮಾ?” ಎಂದಳು. ನಿನಗೆ ಗೊತ್ತಲ್ಲ, ಆ ಚಳಿಗಾಲದಿಂದ ನನ್ನ ಊಟ ಭಾವನ ಮನೆಯಲ್ಲೇ. ಭಾವ ನೆಲ ನೋಡುತ್ತ ನಿಂತರು.

“ಸ್ವಲ್ಪ ಹೊತ್ತು ಬಿಟ್ಟು ನಮ್ಮನೆಗೆ ಬಾ ಮಗಳೇ,” ಎಂದೆ. ಮನೆಗೆ ಹೋಗಿ ಒಲೆಯ ಧೂಳು ಒರೆಸಿ, ಹಚ್ಚಿ, ಬೇಳೆ ಇಟ್ಟೆ. ಕೈ ಎಲ್ಲ ಮರೆತಿತ್ತು.

ಅವಳು ಬಂದು ನೋಡಿ, “ಇವತ್ತೇ ಹಚ್ಚಿದ ಹಾಗಿದೆ?” ಎಂದು ಕೇಳಿದಳು.

“ಹೌದು. ನಾಳೆನೂ ಹಚ್ತೀನಿ.”

“ಹಾಗಾದ್ರೆ ಬೇಗ ಕೈಯಾಡಿಸಿ, ತಳ ಹಿಡೀತಿದೆ,” ಎಂದು ನಕ್ಕು ಬರೆದುಕೊಂಡಳು.

ಇಪ್ಪತ್ತು! ಸಕೀನೆ ನನ್ನ ಕೊರಳು ತಬ್ಬಿ ಅತ್ತಳು. ಗಣತಿಯವಳ ಕಾರು ಮರೆಯಾದ ಮೇಲೆ ತೂಬಾ ಅತ್ತೆಗೆ ಒಂದು ಬಟ್ಟಲು ಸಾರು ಕಳಿಸಿದಳಂತೆ. ಬೀಬಿ ಪೂರ್ತಿ ಕುಡಿದು, ಈಗಲೂ ಉಪ್ಪು ಕಡಿಮೆಯೇ ಎಂದು ಹೇಳಿ ಬಟ್ಟಲು ವಾಪಸ್ಸು ಕಳಿಸಿದಳು.

ಕೊಟ್ಟ ಮಾತಿನಂತೆ ದಿನವೂ ಒಲೆ ಹಚ್ಚುತ್ತಿದ್ದೇನೆ, ಇನ್ನು ನನ್ನ ಊಟದ ಚಿಂತೆ ಬಿಡು. ದೇವರು ನಿನ್ನ ಮನೆಯ ಒಲೆಯನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ
ಗೋಹರ್

ಮರೆತ ಮಾತು: ಆ ಹುಡುಗಿ ಬಾಗಿಲಲ್ಲಿ ನಿಂತು “ಮನೆ ಯಜಮಾನ್ರು?” ಎಂದಾಗ, “ನೀರು ಕಟ್ಟೋಕೆ ಹೋಗಿದಾರೆ, ಬರ್ತಾರೆ,” ಎಂದುಬಿಟ್ಟೆ. ಇಬ್ಬರೆಂದು ಬರೆದುಕೊಂಡಳು. ಅಂಗಳದಲ್ಲಿ ಅರ್ಧ ಊರೇ ಇತ್ತು, ಬೀಬಿ ಸುಲ್ತಾನ್ ಕೂಡ ತುಟಿ ಬಿಚ್ಚಲಿಲ್ಲ. ಕಾರು ಹೊರಡುವಾಗ ನಾನೇ ಹಿಂದೆ ಓಡಿ ನಿಲ್ಲಿಸಿ, “ಒಬ್ಬಳೇ, ಮಗಳೇ,” ಎಂದು ತಿದ್ದಿಸಿದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅಕ್ಕಾ.