ವಿಮಾನ ನಿಲ್ದಾಣದಿಂದ ಡೆರಿಕ್‌ವರೆಗೆ

೨೨ ಫೆಬ್ರವರಿ ೨೦೨೧, ಗಾಲ್ವೇ, ಐರ್ಲೆಂಡ್

ಇವತ್ತೂ ಸಮುದ್ರದ ದಂಡೆಯಲ್ಲಿ ನಡೆದೆ. ಲಾಕ್‌ಡೌನ್, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಪರವಾಗಿಲ್ಲ, ನನಗೆ ಬೇಕಾದ ದಾರಿ ಅಷ್ಟರಲ್ಲೇ ಹಿಡಿಯುತ್ತದೆ. ಮೊದಲ ಬೆಂಚೇ ಸೇಶೆಲ್ಸ್ ವಿಮಾನ ನಿಲ್ದಾಣ ಅಂದುಕೊಳ್ಳುತ್ತೇನೆ. ಹೊರಗೆ ಬಂದು ದಕ್ಷಿಣದ ಬಸ್ಸು ಹತ್ತಬೇಕು. ಸಮುದ್ರ ಎಡಕ್ಕಿರಬೇಕು. ಇಲ್ಲೂ ಎಡಕ್ಕೇ ಇದೆ.

ಡೆರಿಕ್ ಅಣ್ಣ ತೀರಿಹೋಗಿ ಹತ್ತೊಂಬತ್ತು ದಿನ. ಸೇಶೆಲ್ಸ್‌ನ ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಕೋವಿಡ್. ಅಲ್ಲೇ ಮಣ್ಣು ಮಾಡಿದರು. ಅವನ ರೂಮ್‌ಮೇಟ್ ಮೆಲ್ರಾಯ್ ದಿನಕ್ಕೊಂದು ವಾಯ್ಸ್ ಮೆಸೇಜ್ ಕಳಿಸಿ ಸಮಾಧಿಯ ದಾರಿ ಹೇಳಿಕೊಡುತ್ತಿದ್ದಾನೆ. ವಿಮಾನ ಶುರುವಾದ ಕೂಡಲೇ ಹೋಗುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಯಾರನ್ನೂ ಕೇಳದೆ ತಲುಪಬೇಕು. ದಾರಿಹೋಕರನ್ನು ಕೇಳುವುದು ನನ್ನಿಂದಾಗದು.

೨೬ ಫೆಬ್ರವರಿ

ಮೆಲ್ರಾಯ್: “ಇಲ್ಲಿ ಬೆಲ್ ಒತ್ತೋದಲ್ಲ ಸೆಲಿನ್, ‘ದೆವಾಂ’ ಅಂತ ಜೋರಾಗಿ ಕೂಗ್ಬೇಕು, ಆಗ ಡ್ರೈವರ್ ನಿಲ್ಲಿಸ್ತಾನೆ. ಡೆರಿಕ್ ಹೇಳ್ತಿದ್ದ — ನನ್ ತಂಗಿ ಬಂದ್ರೆ ಕೂಗೋಕೆ ನಾಚ್ಕೊಂಡು ದ್ವೀಪಾನ ಮೂರು ಸುತ್ತು ಹಾಕ್ತಾಳೆ ಅಂತ.”

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಕೂಗಿ ನೋಡಿದೆ. ಹೊರಗೆ ರೆಶೆಲ್. ಮನೆಯೊಡತಿ ಸಿಂಥಿಯಾ ಅಕ್ಕನ ಮಗಳು, ಎಂಟು ವರ್ಷ. ಅವಳನ್ನು ನೋಡಿಕೊಳ್ಳಲೆಂದೇ ಈ ಮನೆಯಲ್ಲಿದ್ದೇನೆ.

“ಆರ್ ಯು ಗ್ರ್ಯಾಂಡ್, ಆಂಟಿ?” ಚೆನ್ನಾಗಿದ್ದೀಯಾ ಎಂದು ಇಲ್ಲಿಯವರು ಕೇಳುವುದು ಹೀಗೆ.

“ಗ್ರ್ಯಾಂಡ್ ಪುಟ್ಟಾ. ಹೋಮ್‌ವರ್ಕ್ ಮಾಡ್ಹೋಗು.”

“ಯು ಸೌಂಡ್ ಲೈಕ್ ಎ ಸೀಗಲ್.”

೯ ಮಾರ್ಚ್, ಸಂಜೆ ೫

ಎದುರಿಗೆ ಬಂದ ಅಜ್ಜ ಪಕ್ಕಕ್ಕೆ ಸರಿದ. ಈಗ ಎಲ್ಲರೂ ಸರಿಯುತ್ತಾರೆ. ಆದರೆ ಇವನು ಇಬ್ಬರಿಗೆ ಆಗುವಷ್ಟು ಜಾಗ ಬಿಟ್ಟ. ನನಗೊಮ್ಮೆ ತಲೆಯಾಡಿಸಿದ. ನನ್ನ ಪಕ್ಕಕ್ಕೊಮ್ಮೆ.

ಆಮೇಲೆ ಗಮನಿಸಿದೆ. ಎಷ್ಟೋ ದಿನಗಳಿಂದ ರಸ್ತೆಯ ಬದಿಗೇ ನಡೆಯುತ್ತಿದ್ದೇನೆ. ಸಮುದ್ರದ ಬದಿ ಖಾಲಿ ಬಿಟ್ಟು. ಚಿಕ್ಕಂದಿನಿಂದಲೂ ಕಿಟಕಿ ಸೀಟು ಅಣ್ಣನದೇ…

ತಿರುಗಿ ನೋಡಲಿಲ್ಲ.

೧೬ ಮಾರ್ಚ್

ಸಮಾಧಿ ಚರ್ಚಿನ ಹಿಂದೆ ಎಂದು ಮೊದಲು ಹೇಳಿದ್ದ ಮೆಲ್ರಾಯ್ ಇವತ್ತು ಶಾಲೆಯ ಮೇಲಿನ ಗುಡ್ಡ ಎಂದ. ರೆಶೆಲ್‌ಗೆ ಮ್ಯಾಪ್ ತೆಗೆದುಕೊಡಲು ಹೇಳಿದೆ. ಬೆರಳಿನಿಂದ ದೊಡ್ಡದು ಮಾಡಿ, ಚಿಕ್ಕದು ಮಾಡಿ ಹುಡುಕಿದಳು.

“ದೇರ್ಸ್ ನೋ ಸ್ಕೂಲ್, ಆಂಟಿ. ಜಸ್ಟ್ ಟ್ರೀಸ್.”

೧೯ ಮಾರ್ಚ್

ಸಮಾಧಿ ನಿಜವಾಗಿ ಎಲ್ಲಿದೆಯೆಂದು ಮೆಲ್ರಾಯ್‌ನನ್ನು ಕೇಳಿಯೇಬಿಟ್ಟೆ.

“ನನ್ನೂ ಕ್ವಾರಂಟೈನಲ್ಲಿ ಹಾಕಿದ್ರು. ಎಲ್ಲಿ ಮಣ್ಣು ಮಾಡಿದ್ರೋ ನಂಗೂ ಗೊತ್ತಿಲ್ಲ ಸೆಲಿನ್. ಅಳ್ತಾ ಕೇಳ್ದೆ ನೀನು… ನಾನು ಬಾಯಿಗೆ ಬಂದಿದ್ದು ಹೇಳ್ದೆ. ಮಾರನೇ ದಿನ ನೀನು ‘ಆಮೇಲೆ?’ ಅಂದೆ. ಏನು ಮಾಡ್ಲಿ?”

ವಿಚಾರಿಸುತ್ತಾನಂತೆ. ಆಫೀಸುಗಳೆಲ್ಲ ಮುಚ್ಚಿವೆಯಂತೆ.

ನಡೆಯಲು ಹೋಗಲಿಲ್ಲ. ಒಬ್ಬಳೇ ಎಲ್ಲಿಗೆ ಹೋಗಲಿ? ಅಣ್ಣನನ್ನು ಕರೆದುಕೊಂಡಾದರೂ ಎಲ್ಲಿಗೆ?

೨೧ ಮಾರ್ಚ್, ಭಾನುವಾರ

ನಿಜ ಹೇಳಬೇಕೆಂದೇ ಅಮ್ಮನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, “ತಡಿ ಮಗಾ, ಪೆನ್ ತಗೋತೀನಿ. ಬರ್ಕೊಳ್ತೀನಿ ಕ್ಯಾಲೆಂಡರ್ ಹಿಂದೆ. ನಂಗಂತೂ ಹೋಗೋಕಾಗಲ್ಲ. ದಿನಾ ಪ್ರಾರ್ಥನೆ ಹೊತ್ತಲ್ಲಿ ಮನಸ್ಸಲ್ಲಾದ್ರೂ ಅವನ ಹತ್ರ ಹೋಗಿಬರ್ತೀನಿ. ಹೇಳು, ಬಸ್ ಇಳಿದ್ಮೇಲೆ ಯಾವ ಕಡೆ?” ಎಂದಳು.

ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ಎಡಕ್ಕೆ” ಎಂದೆ.

“ಎಡಕ್ಕೆ. ಹ್ಞೂಂ. ಆಮೇಲೆ?”

ಆಮೇಲೆ ಒಂದು ದೊಡ್ಡ ಮರ, ಅಮ್ಮ. ಅದನ್ನು ದಾಟಿದರೆ —