ಎರಡನೆಯ ಹೋಳಿಗೆ

೧೨ ನವೆಂಬರ್ ೧೯೬೧, ಭಾನುವಾರ

ಬಾಯಾರಿಕೆ ನಿಲ್ಲುತ್ತಿಲ್ಲ. ಭಯಕ್ಕೋ, ಸಕ್ಕರೆ ಕಾಯಿಲೆಗೋ ತಿಳಿಯದು.

ಬೇಸಿಗೆಯಿಂದ ರಾಗಿ, ಸೊಪ್ಪು, ಹಾಗಲಕಾಯಿಯಲ್ಲೇ ಇದ್ದೆ. ಇವತ್ತು ಹನುಮಂತನಗರದಲ್ಲಿ ನಾದಿನಿ ವಾರಿಜಾಳ ಮಗುವಿನ ನಾಮಕರಣ. “ಒಂದೇ ಒಂದು ಅತ್ತಿಗೆ, ಮಗೂಗೋಸ್ಕರ” ಎಂದು ಹೋಳಿಗೆ ಬಡಿಸಿ ತುಪ್ಪ ಸುರಿದಳು. ಮೊದಲ ತುತ್ತು ಗಂಟಲು ಕೆರೆಯುವಷ್ಟು ಸಿಹಿಯೆನಿಸಿತು. ಮುಂದಿನ ತುತ್ತಿಗೆ ಕಣ್ಣಲ್ಲಿ ನೀರು ಬಂತು, ಅಷ್ಟು ರುಚಿ. ಊಟವಾದ ಮೇಲೆ ಅಡುಗೆಮನೆಯಲ್ಲಿ ಯಾರಿಗೂ ಕಾಣದಂತೆ ಇನ್ನೊಂದನ್ನು ನಿಂತೇ ತಿಂದೆ.

ಬರುವಾಗ ಬಸ್ಸಿನಲ್ಲೇ ಎದೆ ಹೊಡೆದುಕೊಳ್ಳತೊಡಗಿತು. ಈಗ ಪಾದ ಜುಮುಗುಡುತ್ತಿದೆ. ಅಪ್ಪನಿಗೂ ಹೀಗೇ ಶುರುವಾಗಿ ಕೊನೆಗೆ ಕಾಲನ್ನೇ ತೆಗೆದರು.

ಯಜಮಾನರಿಗೆ ಎಚ್ಚರವಾಯಿತು. “ಯಾಕೆ, ಆಗ್ಲಿಂದ ನೀರು ಕುಡೀತಾನೇ ಇದೀಯಲ್ಲ?”

ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಲೈಟು ಹಾಕಿ, ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಒತ್ತಿದರು.

“ಗೊತ್ತಾಗುತ್ತಾ?”

“ಗೊತ್ತಾಗುತ್ತೆ.”

“ಇದು?”

ಕಿರುಬೆರಳನ್ನು ಹಿಡಿದಿದ್ದರು. ಹಿಡಿದದ್ದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೆ. “ಗೊತ್ತಾಗುತ್ತೆ” ಅಂದೆ.

ನೆಮ್ಮದಿಯಿಂದ ಮಲಗಿದರು. ನಾನು ಆ ಬೆರಳನ್ನು ಚಿವುಟಿಕೊಳ್ಳುತ್ತಲೇ ಕೂತಿದ್ದೇನೆ. ಉಗುರಿನ ಗುರುತು ಮೂಡಿದೆ. ನೋವು ಮಾತ್ರ ಇಲ್ಲ.